ಎಡಕ್ಕೆ ಬಿದ್ದ ಹೂ

ಅಪ್ಪಾ,

ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ತೀರಿಹೋದ ನೀನಂತೂ ಓದುವುದಿಲ್ಲ.

ಖಾಸಬಾಗದ ಮಾವನ ಟೇಲರಿಂಗ್ ಅಂಗಡಿ ಬಿಟ್ಟು ಖಾನಾಪುರದಲ್ಲಿ ನನ್ನದೇ ಮಶೀನು ಹಾಕಲೇ ಎಂದು ಇವತ್ತು ಬೀರಪ್ಪನ ಗುಡಿಯಲ್ಲಿ ಹೂ ಕೇಳಿದೆ. ನೀನಿದ್ದಾಗ ನನ್ನ ಪರವಾಗಿ ನೀನೇ ಕೇಳಿಕೊಂಡು ಬರುತ್ತಿದ್ದೆ. ನಾನೇ ಹೋಗಿ ಕುಳಿತದ್ದು ಈ ನಲವತ್ತಮೂರನೇ ವಯಸ್ಸಿನಲ್ಲಿ ಇದೇ ಮೊದಲು.

ಪೂಜಾರಿ ಹಾಲಪ್ಪಜ್ಜ ದೇವರಿಗೆ ಎರಡೂ ಬದಿ ಹೂ ಹಚ್ಚಿದ. ಎಡಗಡೆಯದು ಬಿತ್ತು. ದೇವರು ಬೇಡ ಅಂದ. ಖರೇ ಹೇಳಬೇಕೆಂದರೆ, ನನಗೆ ಹಗುರವೂ ಆಯಿತು. ಕೈಮುಗಿದು ಎದ್ದೆ.

"ಅಲ್ಲೋ ಬಾಳೇಶಾ, ಹೊಂಟೇ ಬಿಟ್ಟಿ? ನಿಮ್ಮಪ್ಪ ಎಡಕ್ಕ ಬಿದ್ರ ಏಳತಿರಲಿಲ್ಲ. 'ಮತ್ತೊಮ್ಮೆ ಹಚ್ಚೋ ಹಾಲಪ್ಪಾ' ಅಂತಿದ್ದ. ತನಗ ಬೇಕಾದ ಕಡೆ ಬೀಳೂತನಾ ಕುಂದರತಿದ್ದ," ಎಂದು ಅಜ್ಜ ನಕ್ಕ.

ನನಗೆ ನಗು ಬರಲಿಲ್ಲ. ಸಾಲಿ ಬಿಡಿಸಿ ಮಾವನ ಅಂಗಡಿಗೆ ಹಚ್ಚುವಾಗ, ದೇವರು ಬಲಕ್ಕೆ ಕೊಟ್ಟಾನ ಎಂದು ನೀನು ಹೇಳಿದ್ದೆ. ಅನುರಾಧಾಳ ಮನೆಗೆ ಹೆಣ್ಣು ಕೇಳಲು ಹೋಗೋಣ ಎಂದು ನಾನು ಅತ್ತಾಗ ಮಾತ್ರ, ಎಡಕ್ಕೆ ಬಿತ್ತಪ್ಪಾ ಎಂದೆ ನೀನು. ಆ ದಿನ ಒಂದೇ ಸಲಕ್ಕೆ ಎದ್ದು ಬಂದೆಯಾ, ಅಪ್ಪಾ?

ಅಜ್ಜ ಹೂವಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡ.

"ಮತ್ತೊಮ್ಮೆ ಹಚ್ಚಲೇನು? ನೀ ಹ್ಞೂಂ ಅಂದ್ರ ಸಾಕು."

ಬಾಯಿ ತೆರೆದೆ.

"ಮಾವನ್ನ ಕೇಳಿ ಹೇಳತೀನಿ, ಅಜ್ಜಾ," ಎಂದೆ.