ಆಕ್ಷೇಪಣೆ ಇದೆ / ಇಲ್ಲ

ಮಾರ್ಚ್ ೪, ಬೆಳಿಗ್ಗೆ ೭

ಎಂದಿನಂತೆ ಪೇಪರ್ ಕೊಡಲು ಮಹಡಿಗೆ ಹೋದೆ. ಎಂದಿನಂತೆ ಓದುವುದಕ್ಕಲ್ಲ, ಹಾಸುವುದಕ್ಕೆ — ಅದೂ ನನ್ನ ಅಂಕಣ ಮೇಲೆ ಬರುವಂತೆ. ಭಾವ ಎಣ್ಣೆ ಹಚ್ಚಿದರು, ಬಟ್ಟೆಯಿಂದ ಒರೆಸಿದರು, ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ಇಣುಕಿದರು. ಎಣ್ಣೆ ನಿಜ, ಬಟ್ಟೆ ನಿಜ. ಬಂದೂಕು ಮಾತ್ರ ಹನ್ನೊಂದು ವರ್ಷದಿಂದ ಪೊಲೀಸ್ ಠಾಣೆಯಲ್ಲಿದೆ. ಅದರಿಂದ ಭಾವ ತಮ್ಮ ವ್ಯಾಪಾರದ ಪಾಲುದಾರನನ್ನು ಕೊಂದ ದಿನದಿಂದ. ಇವರು ಜೈಲಿನಿಂದ ಬಂದು ಒಂದು ತಿಂಗಳು.

ಮಾರ್ಚ್ ೬

ಲೈಸೆನ್ಸ್ ಆಫೀಸಿನಿಂದ ಫಾರಂ. ಭಾವ ಬಂದೂಕು ವಾಪಸ್ ಕೇಳಿದ್ದಾರೆ. ಒಂದೇ ಮನೆಯಲ್ಲಿರುವ ಬಂಧು ಎಂಬ ಘನ ಹುದ್ದೆಯಿಂದ ನಾನು ಅಭಿಪ್ರಾಯ ದಯಪಾಲಿಸಬೇಕು. 'ಆಕ್ಷೇಪಣೆ ಇದೆ / ಇಲ್ಲ. ಬೇಡವಾದುದನ್ನು ಹೊಡೆದುಹಾಕಿ.' ಕೊಲೆ ಕೇಸಿನ ಕಾಗದದಲ್ಲಿ ಎಂಥ ಸಲಹೆ!

ಅಕ್ಕ ಇಳಿದು ಬಂದಳು. "ಶಿಕ್ಷೆ ಮುಗೀತಲ್ವೇನೋ? ಇನ್ನೂ ಎಷ್ಟು ವರ್ಷ ಅವರನ್ನ ಕಳ್ಳನ ಥರ ನೋಡ್ತೀರ?"

"ಬರೀ ಕಳ್ಳ ಆಗಿದ್ರೆ ಈ ಫಾರಂ ಯಾಕಕ್ಕ ಬರ್ತಿತ್ತು?"

"ನಿನ್ನ ತಲೆಹರಟೆ ಪತ್ರಿಕೇಲಿಟ್ಕೋ. 'ಇಲ್ಲ' ಅನ್ನೋದನ್ನ ಉಳಿಸು. ಆಗಲ್ಲ ಅಂದ್ರೆ ಇನ್ಮೇಲೆ ನನ್ನ ಮುಖ ನೋಡ್ಬೇಡ."

ಪಾಲುದಾರನ ಶಿಕ್ಷೆ ಮುಗಿದಿಲ್ಲವಲ್ಲ... ಎಂದುಕೊಂಡು ಫಾರಂ ಮಡಚಿ ಜೇಬಿಗಿಟ್ಟೆ.

ಮಾರ್ಚ್ ೧೧

ಐದು ದಿನ ಪೆನ್ನು ಕಚ್ಚಿದ್ದಾಯಿತು. ಅಕ್ಕನ ಎದುರೇ ಅವಳು ಹೇಳಿದಂತೆ ಸಹಿ ಹಾಕೋಣವೆಂದು ಮೇಲೆ ಹೋದೆ. ಭಾವ ಒರೆಸುತ್ತಿದ್ದರು. ಖಾಲಿ ಕೈಗಳನ್ನೆತ್ತಿ ಬಾಗಿಲ ಕಡೆ ಗುರಿ ಹಿಡಿದರು. ಅದೇ ಹೊತ್ತಿಗೆ ಅಕ್ಕ ಕಾಫಿ ತಂದಳು. ಮಾತು ನಿಲ್ಲಿಸದೆ, ಲೋಟ ತುಳುಕಿಸದೆ, ನಳಿಗೆ ಇರಬೇಕಾದ ಜಾಗದ ಕೆಳಗೆ ಬಗ್ಗಿ ಬಂದಳು. ತಾನು ಬಗ್ಗಿದ್ದು ಅವಳಿಗೇ ಗೊತ್ತಿರಲಿಲ್ಲ.

ಕೆಳಗೆ ಬಂದು 'ಇಲ್ಲ'ವನ್ನು ಹೊಡೆದುಹಾಕಿದೆ.

ಮಾರ್ಚ್ ೨೬, ಸಂಜೆ ೫

ಅರ್ಜಿ ವಜಾ. ಅಕ್ಕ ಮಾತು ಬಿಟ್ಟಿದ್ದಾಳೆ.

ಭಾವ ಈಗ ತಾನೇ ಬಂದಿದ್ದರು. ನಗುಮುಖ. ಎರಡೂ ಕೈ ಮುಂದೆ — ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ. "ನನ್ನಂಥೋರ ಹತ್ರ ಇರಬಾರದಂತಪ್ಪ. ನೀನೇ ಇಟ್ಕೋ."

ಮರ್ಯಾದೆಗೆ ಕೈಯೊಡ್ಡಿದೆ.

"ಹುಷಾರು. ತುಂಬಿದೆ."

ಮೇಜಿನ ಮೇಲಿಟ್ಟಿದ್ದೇನೆ. ಅಂದರೆ, ಇಟ್ಟಂತೆ ಮಾಡಿದ್ದೇನೆ. ನಗಬೇಕಾದ ವಿಷಯ, ಮುಂದಿನ ವಾರದ ಅಂಕಣಕ್ಕೆ ಆದೀತು... ನಳಿಗೆಯ ಬಾಯಿ ಯಾವ ಕಡೆಗಿದೆ ಎಂದು ಕೇಳಿಟ್ಟುಕೊಳ್ಳಬೇಕಿತ್ತು. ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಎಳೆದುಕೊಂಡು ಬರೆಯುತ್ತಿದ್ದೇನೆ. ಅಲ್ಲ, ಬಲಕ್ಕೇ —