ಫೆಸ್ಟಸ್‌ನ ಸೀಮೆಎಣ್ಣೆ

ಜನವರಿ 3, ಬೆಳಗ್ಗೆ

ಗಂಜಿ ತಿನ್ನಿಸಿದೆ. ಅರ್ಧ ಬಾಯಿಗೆ, ಅರ್ಧ ಕೊರಳಪಟ್ಟಿಗೆ. ಮೈ ಒರೆಸಿ ಮಗ್ಗುಲು ಬದಲಿಸಿದೆ. ಲಕ್ವ ಹೊಡೆದ ಗಂಡಸು ಎಷ್ಟು ಭಾರ ಅಂತ ಮದುವೆಯ ದಿನ ಯಾರೂ ಹೇಳಲಿಲ್ಲ.

ಮನೆ ಕಾದ ಹೆಂಚಾಗಿದೆ. ರಾತ್ರಿಯೇ ಮನೆ ಕಾಯಿಸುವ ಬಾಯ್ಲರಿನ ಟೈಮರ್ ಆರಿಸಿದ್ದೆ. ಗೋಡೆಯ ರೇಡಿಯೇಟರ್ ಇನ್ನೂ ಕೈ ಸುಡುತ್ತಿದೆ. ಹಜಾರದಲ್ಲಿ ಶಾಖ ಏರಿಸಿ ಇಳಿಸುವ ಥರ್ಮೋಸ್ಟಾಟನ್ನು ತೀರಾ ಕೆಳಕ್ಕೆ ತಿರುಗಿಸಿದೆ. ಏನೂ ಇಲ್ಲ. ಹಿತ್ತಲಿನ ಶೆಡ್‌ನಲ್ಲಿ ಬಾಯ್ಲರ್ ಗುರ್ ಅನ್ನುತ್ತಲೇ ಇದೆ.

ಅವನಿಗೂ ಕೇಳಿಸುತ್ತಿದೆ. ಮುಂದಿನ ಕೋಣೆಯ ಮಂಚದಿಂದ ಎಡಗೈ ಎತ್ತಿ ಹಜಾರದ ಕಡೆ ತೋರಿಸಿದ. "ಹ್ಹಾ... ಹ್ಹಾ..." ಆಸ್ಪತ್ರೆಯಿಂದ ಬಂದಾಗಿನಿಂದ ಅಷ್ಟೇ ಮಾತು.

"ಆರಿಸ್ತಾ ಇದೀನ್ರೀ, ಆರ್ತಾ ಇಲ್ಲ" ಅಂದೆ.

ನಂಬಲಿಲ್ಲ. ಹೇಗೆ ನಂಬುತ್ತಾನೆ? ದನದ ಸಂತೆಗೆ ಹೊರಟರೆ ಈ ಥರ್ಮೋಸ್ಟಾಟಿನ ಗುಂಡಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ ಮಹಾರಾಯ. ಅವನಿಲ್ಲದಾಗ ನಾನು ಹಚ್ಚಿಬಿಟ್ಟೇನು ಅಂತ. ಮಗಳು ಸೋರ್ಕಾ ಕೋಟು ಹಾಕಿಕೊಂಡೇ ಓದಿ ದೊಡ್ಡವಳಾದಳು. ಹೊರಗೆ ಟ್ಯಾಂಕಿನ ತುಂಬಾ ಸೀಮೆಎಣ್ಣೆ, ಒಳಗೆ ಚಳಿಗೆ ನಮ್ಮ ಬಾಯಿಂದ ಹೊಗೆ.

ಜನವರಿ 4

ಅಕ್ಕನ ಮಗ ಕಾಹಲ್ ಬಂದಿದ್ದ. ಪ್ಲಂಬರ್. ಬಿಸಿನೀರಿನ ಟ್ಯಾಂಕು ಇರುವ ಕಪಾಟಿನೊಳಗೆ ತಲೆ ತೂರಿಸಿದವನು ಅಲ್ಲಿಂದಲೇ ಮಾತಾಡಿದ.

"ವಾಲ್ವ್ ಅಂಟ್ಕೊಂಡಿದೆ ಚಿಕ್ಕಮ್ಮ. ತೆರ್ಕೊಂಡೇ ಇದೆ. ಅದು ತೆರೆದಿರೋವರ್ಗೂ ಬಾಯ್ಲರ್‌ಗೆ ಉರಿ, ಉರಿ ಅಂತ ಹೇಳ್ತಾನೇ ಇರುತ್ತೆ. ನೀವು ಗೋಡೇಲಿ ಏನು ತಿರುಗಿಸಿದ್ರೂ ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ."

"ರಿಪೇರಿ?"

"ಹೊಸದೇ ಹಾಕ್ಬೇಕು. ಪಟ್ಟಣದಿಂದ ತರಿಸ್ತೀನಿ. ಅಲ್ಲೀವರ್ಗೂ ಶೆಡ್ಡಲ್ಲಿರೋ ಕೆಂಪು ಸ್ವಿಚ್ ನೋಡಿ—ಅದನ್ನ ಒತ್ತಿದ್ರೆ ಎಲ್ಲಾ ಬಂದ್. ಮನೆ ಬೆಚ್ಚಗಾದ್ಮೇಲೆ ಆರ್ಸಿ, ತಣ್ಣಗಾದ್ಮೇಲೆ ಹಾಕಿ. ಅಷ್ಟೇ."

ಹೋಗುವಾಗ ನನ್ನ ಗಂಡನ ಕೋಣೆಗೆ ಇಣುಕಿದ. "ಏನ್ ಚಿಕ್ಕಪ್ಪ, ಒಳ್ಳೇ ಬಿಸಿಲಲ್ಲಿ ಮಲಗ್ದಂಗಿದೀರಿ!" ಮಂಚದಲ್ಲಿದ್ದವನು ಉಗುಳಲು ನೋಡಿದ. ಉಗುಳು ತನ್ನ ಗದ್ದಕ್ಕೇ ಇಳಿಯಿತು.

ಕಾಹಲ್‌ನ ಕಾರು ಗೇಟು ದಾಟುವ ಮೊದಲೇ ಎಡಗೈ ಹಿತ್ತಲನ್ನು ತೋರಿಸುತ್ತಿತ್ತು. ಎಲ್ಲಾ ಕೇಳಿಸಿಕೊಂಡಿದ್ದಾನೆ. ಹೋದೆ. ಕೆಂಪು ಸ್ವಿಚ್ ಮೇಲೆ ಬೆರಳಿಟ್ಟೆ. ಒತ್ತಬಹುದಿತ್ತು. ಒತ್ತದೆ, ಬಾಯ್ಲರಿಗೆ ಬೆನ್ನು ಕಾಯಿಸಿಕೊಂಡು ಸ್ವಲ್ಪ ಹೊತ್ತು ನಿಂತೆ. ಒಳಗೆ ಬಂದು ಹೇಳಿದೆ—"ಆಗಲ್ವಂತೆ ಕಣ್ರೀ. ಈ ಚಳೀಲಿ ಆರ್ಸಿದ್ರೆ ಪೈಪೆಲ್ಲಾ ಒಡೆದುಹೋಗುತ್ತಂತೆ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ. ಬ್ಲೌಸ್‌ನ ತೋಳು ಮಡಚಿಕೊಂಡು ಅಡುಗೆ ಮಾಡಿದೆ. ಜನವರಿಯಲ್ಲಿ!

ಜನವರಿ 6

ಹೆಂಗಸರ ಕ್ರಿಸ್‌ಮಸ್. ಇವತ್ತು ಹೆಂಗಸರು ಒಲೆ ಮುಟ್ಟಬಾರದು, ಗಂಡಸರು ಮಾಡಿ ಬಡಿಸಬೇಕು. ನನ್ನ ಗಂಡಸಂತೂ ಯಾವ ವರ್ಷವೂ ಒಂದು ಲೋಟ ಚಹಾ ಮಾಡಿದವನಲ್ಲ. ಈ ಸಲ ನಾನೇ ಎಲ್ಲರನ್ನೂ ಕರೆದೆ. ಪಕ್ಕದ ಮನೆ ಬ್ರೀಜ್, ಗುಡ್ಡದ ಕೆಳಗಿನ ಅಕ್ಕತಂಗಿಯರು. ಶೆರ್ರಿ ವೈನು, ಹಣ್ಣಿನ ಕೇಕು.

ಬ್ರೀಜ್ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯೋ ಡೆಲಿಯಾ, ಇದೇ ಮನೇನೇನೇ? ಇಲ್ಲಿ ನಾನು ಕೋಟು ಬಿಚ್ತಿರೋದು ಇದೇ ಮೊದಲು ಕಣೆ! ನಿಮ್ಮತ್ತೆ ಸತ್ತಾಗ ರಾತ್ರಿಯೆಲ್ಲಾ ಹೆಣದ ಹತ್ರ ಕೂತಿದ್ದೆ ನೋಡು, ಹೆಣಕ್ಕಿಂತ ನಾನೇ ತಣ್ಣಗಿದ್ದೆ."

ನಕ್ಕೂ ನಕ್ಕೂ ಸಾಕಾಯಿತು. ಎರಡನೇ ಲೋಟ ಇಳಿದ ಮೇಲೆ ಬ್ರೀಜ್ ಅವನ ಕೋಣೆಗೇ ನುಗ್ಗಿದಳು. "ಏನಪ್ಪಾ ಫೆಸ್ಟಸ್, ಹೆಂಡ್ತೀನ ಬೆಚ್ಚಗಿಡ್ಬೇಕು ಅಂತ ಈಗ ಬುದ್ಧಿ ಬಂತಾ? ಇಷ್ಟು ದಿನ ಆ ಬುದ್ಧಿ ಯಾವ ಹಸು ಮೇಯ್ದಿತ್ತು?"

ಸೆಕೆಯಾಯಿತು ಅಂತ ಅವನ ಕಣ್ಣೆದುರೇ ಕಿಟಕಿ ತೆರೆದೆ. ರೇಡಿಯೇಟರ್ ಕೆಳಗೆ ಕುದಿಯುತ್ತಿದೆ, ಮೇಲೆ ಕಿಟಕಿ ಹಾರು ಹೊಡೆದಿದೆ. ಅವನ ಎಡಗಣ್ಣಿನಿಂದ ನೀರು ಇಳಿಯಿತು. ಒರೆಸಿದೆ. ಪಾಪ ಅನ್ನಿಸಿತು. ಆಮೇಲೆ ಕೇಕು ತಿಂದೆ.

ಜನವರಿ 11

ಮಾತು ಕಲಿಸುವ ಹುಡುಗಿ ಬಂದಿದ್ದಳು. ಚಿತ್ರ ತೋರಿಸುತ್ತಾ ಕೂತಳು—ಬಟ್ಟಲು, ನಾಯಿ, ಟ್ರ್ಯಾಕ್ಟರ್. "ಹೇಳಿ ತಾತ, ಏನಿದು? ನಿಧಾನಕ್ಕೆ." ಅವನು ಚಿತ್ರ ನೋಡಲಿಲ್ಲ. ನನ್ನನ್ನೇ ನೋಡಿದ. ಮುಖವೆಲ್ಲ ಕೆಂಪಾಯಿತು, ಕತ್ತಿನ ನರ ಉಬ್ಬಿತು. "ಆ... ಆರ್... ಆರ್ಸು."

ಹುಡುಗಿ ಚಪ್ಪಾಳೆ ತಟ್ಟಿದಳು. "ಮೊದಲನೇ ಮಾತು! ಕೇಳಿಸ್ತಾ ಅಮ್ಮ?"

ಕೇಳಿಸಿತು. ಉಚ್ಚೆ ಬಳಿದವಳು ನಾನು, ತುತ್ತು ಇಟ್ಟವಳು ನಾನು. ಸಾವಿನ ಬಾಗಿಲಿಂದ ಮರಳಿ ಬಂದವನಿಗೆ ನಾಲಿಗೆ ತಿರುಗಿದ್ದು ಎಣ್ಣೆ ಉಳಿಸಲಿಕ್ಕೆ. ಸಂಜೆ ಸೋರ್ಕಾಗೆ ಫೋನ್ ಮಾಡಿದಾಗ ಹೇಳಿದೆ. ಅವಳು ಅಳುತ್ತಾ ನಕ್ಕಳು, "ಅಪ್ಪ ಪೂರ್ತಿ ವಾಪಸ್ ಬಂದ್ರು ಬಿಡಮ್ಮ" ಅಂತ.

ಆಮೇಲೆ ಕಾಹಲ್ ಫೋನು. "ವಾಲ್ವ್ ಬಂತು ಚಿಕ್ಕಮ್ಮ, ನಾಳೆ ಬಂದು ಹಾಕ್ಬಿಡ್ಲಾ?"

"ಅವಸರ ಏನಿಲ್ಲಪ್ಪ. ನಿನ್ನ ಕೆಲಸ ಎಲ್ಲಾ ಮುಗಿಸ್ಕೊಂಡು ಬಾ."

ಫೋನ್ ಇರುವುದು ಹಜಾರದಲ್ಲಿ. ಅವನ ಕೋಣೆಯ ಬಾಗಿಲು ತೆರೆದಿತ್ತು. ಬೇಕೆಂದೇ ಗಟ್ಟಿಯಾಗಿ ಹೇಳಿದೆ.

ಜನವರಿ 16

ಊಟ ಬಿಟ್ಟಿದ್ದಾನೆ. ಬಿಡಲಿ. ಆದರೆ ನಡೆಯುವ ಹಟ ಹಿಡಿದಿದ್ದಾನೆ. ನಿನ್ನೆ ಊರಿಕೊಂಡು ನಡೆಯುವ ಕಬ್ಬಿಣದ ಫ್ರೇಮ್ ಹಿಡಿದು ಮಂಚದಿಂದ ಬಾಗಿಲವರೆಗೆ ಒಬ್ಬನೇ ಹೋದ. ನೋಡಿಹೋಗಲು ಬರುವ ನರ್ಸು ಹೊಗಳಿದ್ದೇ ಹೊಗಳಿದ್ದು—"ಎಂಥ ಛಲ ಅಮ್ಮ ಇವರದು!" ಛಲ ಯಾತಕ್ಕೆ ಅಂತ ಅವಳಿಗೇನು ಗೊತ್ತು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿಟ್ಟುಕೊಳ್ಳಬೇಕು ಅಂದುಕೊಂಡೆ. ಹಾಕಲಿಲ್ಲ.

ಹಿಮ ಬೀಳುವ ಮೊದಲೇ ಇರಲಿ ಅಂತ ಎಣ್ಣೆ ಲಾರಿ ಬಂದು ಟ್ಯಾಂಕು ತುಂಬಿಸಿ ಹೋಯಿತು. ಪೈಪಿನ ಸದ್ದು ಕೇಳುತ್ತಾ ಮಲಗಿದ್ದ. ತಲೆ ಸವರಿದೆ. "ನೋಡಿದ್ರಾ, ಎಷ್ಟು ಕುಡಿಯುತ್ತೆ ನಿಮ್ಮ ಬಾಯ್ಲರ್. ನಿಮ್ಮಪ್ಪನಿಗಿಂತ ಹೆಚ್ಚು."

ಜನವರಿ 17, ಮಧ್ಯಾಹ್ನ

ರಾತ್ರಿಯಿಂದ ಹಿಮ. ರಸ್ತೆ ಬಂದ್. ನರ್ಸು ಬರಲ್ಲ ಅಂತ ಫೋನ್ ಮಾಡಿದಳು. ಚಹಾ ಮಾಡಿಕೊಂಡು, ಬ್ರೆಡ್ಡಿಗೆ ದಪ್ಪ ಬೆಣ್ಣೆ ಹಚ್ಚಿಕೊಂಡು ಇಲ್ಲಿ ಕೂತಿದ್ದೇನೆ. ಬರಿಗಾಲಿಗೆ ನೆಲ ಹಿತವಾಗಿದೆ. ಅವನು ಮಲಗಿರಬೇಕು, ಸದ್ದಿಲ್ಲ—

ಬಾಯ್ಲರ್ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ

ಹೋಗಿ ನೋಡಿದೆ. ಮಂಚ ಖಾಲಿ. ಹಿತ್ತಲ ಬಾಗಿಲು ಪೂರ್ತಿ ತೆರೆದಿದೆ, ಚಾಪೆಯ ಮೇಲೆ ಹಿಮ. ಫ್ರೇಮ್ ಮೆಟ್ಟಿಲ ಕೆಳಗೆ ಮಗುಚಿ ಬಿದ್ದಿದೆ. ಅಲ್ಲಿಂದ ಶೆಡ್‌ವರೆಗೆ ಹಿಮದಲ್ಲಿ ಎಳೆದುಕೊಂಡು ಹೋದ ಗುರುತು. ತೆವಳಿದ್ದಾನೆ. ಪೈಜಾಮದಲ್ಲಿ.

ಶೆಡ್ಡಿನ ಬಾಗಿಲಿಗೆ ಒರಗಿ ಕೂತಿದ್ದಾನೆ. ಎಡಗೈಯಲ್ಲಿ ರಕ್ತ. ನನ್ನನ್ನು ನೋಡಿ ನಕ್ಕ, ಅರ್ಧ ಮುಖದಲ್ಲಿ. ಗೆದ್ದವನ ನಗು. ಆ ನಗು ನನಗೆ ಗೊತ್ತು, ಸಂತೆಯಿಂದ ಹಾಗೇ ಬರುತ್ತಿದ್ದ.

ಆಮೇಲೆ ಏಳಲು ನೋಡಿದ. ಆಗಲಿಲ್ಲ. ನಗು ಹೋಯಿತು. "ಡೆಲಿಯಾ" ಅಂದ. ಸ್ಪಷ್ಟವಾಗಿ. ಒಂದಕ್ಷರವೂ ತೊದಲಲಿಲ್ಲ.

ನಾನು ಹಿತ್ತಲ ಬಾಗಿಲು ಹಾಕಿಕೊಂಡು ಒಳಗೆ ಬಂದೆ. ಒಳಗಿನ ಶಾಖ ಸುಮ್ಮನೆ ಹೊರಗೆ ಹೋಗುತ್ತಿತ್ತು.

ರೇಡಿಯೇಟರ್ ಟಿಕ್ ಟಿಕ್ ಅನ್ನುತ್ತಾ ತಣ್ಣಗಾಗುತ್ತಿದೆ. ಚಹಾ ಇನ್ನೂ ಬಿಸಿಯಿದೆ. ಹೋಗಬೇಕು, ಗೊತ್ತು. ಅಷ್ಟು ಕಟುಕಿಯಲ್ಲ ನಾನು. ಕಂಬಳಿ ತೆಗೆದುಕೊಂಡು ಹೋಗಿ ಎತ್ತಿಕೊಂಡು ಬರುತ್ತೇನೆ. ಕೂಗಿದ್ದು ಕೇಳಿಸಿತಾ ಈಗ? ಗಾಳಿಯೋ ಏನೋ. ಇನ್ನೊಂದು ಸಲ ಕರೆಯಲಿ, ಎದ್ದುಬಿಡುತ್ತೇನೆ. ಒಂದೇ ಒಂದು ಸಲ ಕರೆದರೆ—