ವಸಂತ್ ನೋಡಿದ್ದು, ಶೀಟ್ ಹೇಳಿದ್ದು

ಜೂನ್ 29, ಭಾನುವಾರ

ಬೆಳಿಗ್ಗೆಯಿಂದ ಎಕ್ಸೆಲ್ ಶೀಟ್. ಐನೂರ ಹನ್ನೆರಡು ಆಟಗಾರರು. ಕಳೆದ ಸೀಸನ್ನಿನಲ್ಲಿ ಒಂಬೈನೂರು ನಿಮಿಷಕ್ಕಿಂತ ಕಡಿಮೆ ಆಡಿದವರನ್ನು ತೆಗೆದೆ. ಮುನ್ನೂರ ನಾಲ್ಕು ಉಳಿದರು. ತೆಗೆಯುವುದರಲ್ಲಿ ಒಂದು ನೆಮ್ಮದಿ ಇದೆ. ಕಾರಣ ಹೇಳಬೇಕಾಗಿಲ್ಲ.

ಬಿಂದು ಕಾಫಿ ಇಟ್ಟು ಸ್ಕ್ರೀನ್ ಕಡೆ ಬಗ್ಗಿದಳು.

“ಇದೇನ್ರೀ, ಇಂಟರ್ನಲ್ಸ್ ಮಾರ್ಕ್ಸಾ?”

“ಫ್ಯಾಂಟಸಿ ಫುಟ್‌ಬಾಲ್. ಇಂಗ್ಲಿಷ್ ಲೀಗಿನ ಆಟಗಾರರನ್ನ ನಾವು ಎಂಟು ತಂಡದೋರು ಸರದಿ ಮೇಲೆ ಆರಿಸ್ಕೋತೀವಿ. ಒಬ್ಬರು ತಗೊಂಡೋನು ಇನ್ನೊಬ್ಬರಿಗಿಲ್ಲ. ಅವನು ಅಲ್ಲಿ ಗೋಲ್ ಹೊಡೆದ್ರೆ ನಮಗೆ ಇಲ್ಲಿ ಪಾಯಿಂಟು.”

“ಅಂದ್ರೆ ಓಡೋರು ಅವ್ರು, ಬೆವರೋರು ನೀವು.”

ಹನ್ನೊಂದು ವರ್ಷದಿಂದ ಇದೇ ಹೊತ್ತಿಗೆ ಕೇಳುತ್ತಾಳೆ. ಉತ್ತರ ಬೇಕಾಗಿ ಅಲ್ಲ.

ಸರದಿ ಮೇಲೆ ಆರಿಸುವ ಡ್ರಾಫ್ಟ್ ಆಗಸ್ಟ್ ಹತ್ತಕ್ಕೆ. ಕೃಷ್ಣಮೂರ್ತಿಪುರಂ, ನಮ್ಮ ಲೀಗ್ ನಡೆಸುವ ರಾಜೇಶನ ಮನೆ ಮಹಡಿ. ಆರು ವಾರ.

ಜುಲೈ 3

ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ವಸಂತ್ ವರಾಂಡದಲ್ಲಿ ಕೂತಿದ್ದ. ಪಿಯುಸಿಯಿಂದ ಜೊತೆ. ಆಗ ಯೂನಿವರ್ಸಿಟಿ ಗೋಲ್‌ಕೀಪರ್. ಈಗ ಮಂಡಕಳ್ಳಿ ಆಚೆಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ತಂಡ ನಮ್ಮಿಬ್ಬರದು. ನೋಡುವುದು ಅವನು, ಲೆಕ್ಕ ನಾನು. ಪ್ರತಿ ಮ್ಯಾಚ್ ಟೀವಿಯಲ್ಲಿ ನೋಡಿ ಫೋನ್ ಮಾಡುತ್ತಾನೆ — ಯಾರು ಕುಂಟುತ್ತಿದ್ದಾರೆ, ಯಾರಿಗೆ ಉಸಿರು ಸಾಲುತ್ತಿಲ್ಲ. ಆಟಗಾರರಿಗೆ ಅವನದೇ ಹೆಸರುಗಳು. ಕತ್ತು ತಗ್ಗಿಸಿ ನುಗ್ಗುವವನು ಗೂಳಿ. ಕೆಂಚು ಕೂದಲಿನವನು ಪುಳಿಯೋಗರೆ.

“ನಿನ್ನ ಶೀಟು ಸತ್ತೋರ ಪಟ್ಟಿ ಇದ್ದಂಗೆ ಕಣೋ. ಮನುಷ್ಯನ್ನ ಓಡುವಾಗ ನೋಡ್ಬೇಕು.”

“ಕಣ್ಣು ಮೋಸ ಮಾಡುತ್ತೆ.”

“ನಿನ್ನ ಗುಣಾಕಾರ ಬಲು ಪತಿವ್ರತೆ, ಬುಡು.”

ನಕ್ಕೆವು. ಶೀಟಿನಲ್ಲಿ ಇನ್ನೊಂದು ಕಾಲಂ ಇರುವುದು ಅವನಿಗೆ ಗೊತ್ತಿಲ್ಲ. ಎರಡು ಸೀಸನ್ನಿನಿಂದ ಇದೆ. ವ.ತಪ್ಪು. ಅವನು ಹೇಳಿದ್ದು ಸುಳ್ಳಾದಾಗಲೆಲ್ಲ ಒಂದು, ಪಕ್ಕದಲ್ಲಿ ತಾರೀಖು ಮತ್ತು ಟಿಪ್ಪಣಿ. ಪ್ರತಿ ಡ್ರಾಫ್ಟಿನಲ್ಲೂ ನಮ್ಮ ತಂಡದ ಮೊದಲ ಆಯ್ಕೆ ಅವನದೇ, ಗಂಟಲು ದೊಡ್ಡದು. ಈ ಸಲ ಎಲ್ಲರ ಮುಂದೆ ಇದರ ಗ್ರಾಫ್ ಹಿಡಿಯಬೇಕು. ಆಮೇಲೆ ಆರಿಸುವುದು ನಾನು.

ಹೊರಡುವಾಗ ಚಪ್ಪಲಿಯನ್ನು ಕಾಲಲ್ಲೇ ತಡಕಿ ಹಾಕಿಕೊಂಡ.

ಜುಲೈ 20, ಸಂಜೆ 7

ಸೀಸನ್ನಿಗೆ ಮುಂಚಿನ ಫ್ರೆಂಡ್ಲಿ ಮ್ಯಾಚ್. ಮುಗಿದು ಎರಡು ನಿಮಿಷ ಆಗಿರಲಿಲ್ಲ, ವಸಂತ್ ಫೋನು.

“ಲೋ, ಆ ಹದಿನೇಳನೇ ನಂಬರ್! ಎಡಗಡೆಯಿಂದ ಎರಡು ಸಲ ಹೆಂಗೆ ನುಗ್ಬುಟ್ಟ ನೋಡ್ದಾ? ಮೊದಲ ರೌಂಡಲ್ಲೇ ಎತ್ಕೊಂಡ್ಬುಡ್ಬೇಕು.”

“ಅವನಿಗೆ ಏನು ಹೆಸರಿಟ್ಟೆ?”

“ಇನ್ನೂ ಇಟ್ಟಿಲ್ಲ.”

ನನ್ನೆದುರು ಆಡಿದವರ ಪಟ್ಟಿ ತೆರೆದಿತ್ತು. ಹದಿನೇಳನೆಯವನು ಮಂಡಿ ನೋವೆಂದು ತಂಡದ ಜೊತೆ ವಿಮಾನವನ್ನೇ ಹತ್ತಿರಲಿಲ್ಲ. ಆಡಿದ ನಿಮಿಷ ಸೊನ್ನೆ.

“ಸರಿ” ಎಂದೆ. ಕಾಲಂನಲ್ಲಿ ಒಂದು ಹಾಕಿದೆ.

ಸಣ್ಣದೊಂದು ಸುಖ ಆಯಿತು. ಇಲ್ಲಿಯಾದರೂ ನಿಜ ಬರೆಯಬೇಕು.

ಜುಲೈ 21

ಗ್ರಾಫ್ ಆಯಿತು. ಡಿಸೆಂಬರ್‌ವರೆಗೆ ತಿಂಗಳಿಗೆ ಎರಡೋ ಮೂರೋ ತಪ್ಪು. ಜನವರಿ ಐದು. ಫೆಬ್ರವರಿ ಏಳು. ಮಾರ್ಚ್ ಹನ್ನೊಂದು. ಮೇವರೆಗೂ ಮೆಟ್ಟಿಲ ಹಾಗೆ ಏರಿದೆ. ರಾಜೇಶನಿಗೆ ಫೋನ್ ಮಾಡಿ ಹೇಳಿದೆ.

“ಕಳ್ಸಿ ಸಾರ್, ದೊಡ್ಡದಾಗಿ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸ್ತೀನಿ. ವಸಂತಣ್ಣಂಗೆ ಈ ವರ್ಷ ಮಂಗಳಾರತಿ.”

ಜುಲೈ 23

ಸೆಕೆಂಡ್ ಇಯರ್ ಸ್ಟಾಟಿಸ್ಟಿಕ್ಸ್ ಕ್ಲಾಸು. ಹೇಳುತ್ತಿದ್ದೆ — ಅಂದಾಜು ತಪ್ಪುವುದು ಬೇರೆ, ಅಳತೆ ತಪ್ಪುವುದು ಬೇರೆ. ಎರಡನ್ನೂ ಕೂಡಿಸಿ ಒಂದು ಮೊತ್ತ ಮಾಡಬೇಡಿ. ಮಾಡಿದರೆ ಯಾವುದು ಕೆಟ್ಟಿದೆ ಅಂತ ಗೊತ್ತಾಗುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹೇಳುತ್ತಿರುವ ಮಾತು. ಇವತ್ತು ಅರ್ಧಕ್ಕೆ ನಿಂತಿತು. ಹುಡುಗಿಯೊಬ್ಬಳು “ಸಾರ್?” ಅಂದಳು.

ಮನೆಗೆ ಬಂದು ಟಿಪ್ಪಣಿಗಳನ್ನು ಒಂದೊಂದೇ ಓದಿದೆ.

ಡಿಸೆಂಬರ್‌ವರೆಗೆ: ‘ಈ ವಾರ ಗೋಲ್ ಹೊಡೆಯುತ್ತಾನೆ ಅಂದ, ಹೊಡೆಯಲಿಲ್ಲ.’ ‘ಇವನನ್ನು ಕೂರಿಸುತ್ತಾರೆ ಅಂದ, ಕೂರಿಸಲಿಲ್ಲ.’ ಅಂದಾಜು.

ಜನವರಿ 19ರಿಂದ: ‘ಬಿದ್ದದ್ದು ಬೋಳುತಲೆಯವನು ಅಂದ, ಅಲ್ಲ.’ ‘ಗೂಳಿ ಕುಂಟುತ್ತಿದ್ದಾನೆ ಅಂದ, ಕುಂಟಿದ್ದು ಬೇರೆಯವನು.’ ‘ಕೆಂಪು ಕಾರ್ಡ್ ಅಂದ, ಹಳದಿ.’

ಇವು ಅಂದಾಜಲ್ಲ. ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿ ಕೂಡಿಸುತ್ತಾ ಬಂದಿದ್ದೇನೆ. ಆರು ತಿಂಗಳು ನನಗೆ ಮೊತ್ತವಷ್ಟೇ ಕಂಡಿದೆ.

ಈ ವರ್ಷ ಅವನು ಒಬ್ಬ ಆಟಗಾರನಿಗೂ ಹೊಸ ಹೆಸರಿಟ್ಟಿಲ್ಲ.

ಜುಲೈ 24

ವಸಂತನಿಗೆ ಫೋನ್ ಮಾಡಬೇಕು. ಕಣ್ಣು ತೋರಿಸಿಕೋ ಅನ್ನಬೇಕು. ಹೇಗೆ ಗೊತ್ತಾಯಿತು ಅಂದರೆ… ಕಾಲಂ ಹೊರಗೆ ಬರಬೇಕು.

ನಾಳೆ.

ಆಗಸ್ಟ್ 1

ಶೀಟ್ ಮುಗಿಯಿತು. ಈ ಮಧ್ಯೆ ಅವನೇ ಎರಡು ಸಲ ಫೋನ್ ಮಾಡಿದ. ಹದಿನೇಳನೆಯವನ ಮಾತೇ. ಹೂಂ, ಹೂಂ ಅಂದೆ.

ಆಗಸ್ಟ್ 2, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೆ ಕೀರ್ತಿ, ವಸಂತನ ಹೆಂಡತಿ, ಫೋನ್ ಮಾಡಿದಳು. ಶಾಲೆಗೆ ಹೋಗುವಾಗ ನಂಜನಗೂಡು ರಸ್ತೆಯಲ್ಲಿ ಸ್ಕೂಟರ್ ಡಿವೈಡರ್‌ಗೆ ಗುದ್ದಿದ್ದಾನೆ. ಎಡ ಭುಜದಲ್ಲಿ ಹೊಲಿಗೆ. ಅದು ದೊಡ್ಡದಲ್ಲ. ಆಸ್ಪತ್ರೆಯಲ್ಲಿ ಸಹಿ ಹಾಕಲು ಕಾಗದ ಕೊಟ್ಟರೆ ಕಾಗದ ಬಿಟ್ಟು ಮೇಜಿನ ಮೇಲೆ ಪೆನ್ನೂರಿದನಂತೆ. ನರ್ಸ್ ಅಲ್ಲಿಂದಲೇ ಕಣ್ಣಿನ ವಿಭಾಗಕ್ಕೆ ಕಳಿಸಿದಳು.

ನಾನು ಹೋದಾಗ ಡಾಕ್ಟರ್ ಮಾತಾಡುತ್ತಿದ್ದರು. ಶುಗರ್. ಕಣ್ಣಿನ ಒಳಗೆ ರಕ್ತ ಒಸರಿದೆ. ಎಡಗಣ್ಣು ಹೋಗಿದೆ. ಬಲಗಣ್ಣಿಗೆ ಲೇಸರ್ ಮಾಡಿ ನೋಡಬೇಕು.

“ಎಷ್ಟು ದಿನದಿಂದ ಮಂಜು ಮಂಜು?”

“ಒಂದು ತಿಂಗಳು ಸಾರ್” ಅಂದ ವಸಂತ್.

“ಒಂದು ತಿಂಗಳಲ್ಲಿ ಇಷ್ಟಾಗಲ್ಲ ಕಣ್ರೀ. ವರ್ಷದ ಮೊದಲಲ್ಲೇ ಬಂದಿದ್ರೆ ಎಡಗಣ್ಣೂ ಉಳಿಸಬಹುದಿತ್ತು.”

ಹೊರಗೆ, ಔಷಧಿ ಕ್ಯೂನಲ್ಲಿ, ಕೀರ್ತಿ ನನ್ನ ಕಡೆ ತಿರುಗಿದಳು.

“ಅಣ್ಣ, ವಾರಕ್ಕೆ ಮೂರು ಸಲ ಇವ್ರ ಹತ್ರ ಮಾತಾಡ್ತಿದ್ರಿ. ನಿಮಗೇನಾದ್ರೂ ಅನುಮಾನ ಬಂದಿತ್ತಾ? ಇವ್ರು ನನಗೆ ಏನೂ ಹೇಳಲ್ಲ.”

“ಇಲ್ಲಮ್ಮ” ಅಂದೆ.

ಎಷ್ಟು ಸಲೀಸಾಗಿ ಬಂತು.

ಆಗಸ್ಟ್ 5

ಕಾಲಂ ಅಳಿಸಿದೆ. ಐದು ನಿಮಿಷ ಬಿಟ್ಟು ವಾಪಸ್ ತಂದೆ. ಅಳಿಸಿದರೂ ತಾರೀಖುಗಳು ಬಾಯಿಗೆ ಬರುತ್ತವೆ.

ಪ್ರಿಂಟ್ ಬೇಡ ಅಂತ ರಾಜೇಶನಿಗೆ ಹೇಳಿದೆ. “ಯಾಕ್ ಸಾರ್, ಮಜಾ ಇತ್ತು” ಅಂದ.

ವಸಂತನಿಗೆ ನಿನ್ನೆ ಮೊದಲ ಲೇಸರ್ ಆಯಿತು. ಡ್ರಾಫ್ಟಿಗೆ ಬಂದೇ ಬರುತ್ತಾನಂತೆ. ಬಿಂದು ಕೇಳಿದಳು, “ಊಟ ಯಾಕ್ರೀ ಹಂಗೇ ಬಿಟ್ರಿ?”

ಆಗಸ್ಟ್ 10, ಭಾನುವಾರ, ಸಂಜೆ

ಹನ್ನೊಂದು ಗಂಟೆಗೆ ಶುರುವಾಯಿತು. ವಸಂತ್ ಕೀರ್ತಿಯ ತೋಳು ಹಿಡಿದು ಮಹಡಿ ಹತ್ತಿದ. ಕಪ್ಪು ಕನ್ನಡಕ.

“ಏನ್ ವಸಂತಣ್ಣ, ಹೀರೋ ಆಗ್ಬುಟ್ರಿ!” ಅಂದ ಹರೀಶ್, ಪಕ್ಕದ ತಂಡದವನು.

“ಮೊದ್ಲು ಏನಾಗಿದ್ನೋ, ವಿಲನ್ನಾ?”

ಎಲ್ಲರೂ ಗಟ್ಟಿಯಾಗಿ ನಕ್ಕರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ನಮ್ಮದು ಐದನೇ ಸರದಿ. ಅಕ್ಕಪಕ್ಕ ಕೂತೆವು, ಕೀರ್ತಿ ನಮ್ಮ ಹಿಂದಿನ ಕುರ್ಚಿಯಲ್ಲಿ. ಮೂರನೇ ತಂಡ ಆರಿಸುತ್ತಿರುವಾಗ ವಸಂತ್ ಬಗ್ಗಿದ.

“ಪ್ರಿಂಟ್ ಎಲ್ಲೋ?”

ನಾನು ಲ್ಯಾಪ್‌ಟಾಪ್ ತೆರೆದೆ.

“ರಾಜೇಶ ಹೇಳ್ದ. ನನ್ನ ತಪ್ಪೆಲ್ಲ ಬರ್ಕೊಂಡಿದ್ದೀಯಂತೆ. ತಾರೀಖು ಸಮೇತ.” ದನಿಯಲ್ಲಿ ಕೋಪ ಇರಲಿಲ್ಲ; ಇದ್ದಿದ್ದರೆ ಚೆನ್ನಾಗಿತ್ತು. “ದಡ್ಡತನದಲ್ಲಿ ತಪ್ಪಿದ್ದು ಬುಡು. ಕಾಣದೆ ತಪ್ಪಿದ್ದು ಹೇಳು. ಮೊದಲನೇದು ಯಾವತ್ತು?”

ನನಗೆ ಆರು ತಿಂಗಳು ಬೇಕಾದ ವಿಂಗಡಣೆಯನ್ನು ಒಂದೇ ಉಸಿರಿನಲ್ಲಿ ಮಾಡಿದ.

“ಜನವರಿ ಹತ್ತೊಂಬತ್ತು.”

ಬೆರಳು ಮಡಿಸಿ ಎಣಿಸಿದ.

“ನನಗೆ ಗೊತ್ತಾಗಿದ್ದು ಯುಗಾದಿ ಹೊತ್ಗೆ ಕಣೋ. ಅಲ್ಲೀತನಕ ಟೀವಿ ಕೆಟ್ಟೋಗಿದೆ ಅಂದ್ಕೊಂಡಿದ್ದೆ. ಹೊಸ ಟೀವಿ ತಂದೆ. ಅದೂ ಅಂಗೇ ಇತ್ತು.” ಮಡಿಸಿದ ಬೆರಳು ಬಿಚ್ಚಿ, “ಅಂದ್ರೆ ನನಗಿಂತ ಎರಡು ತಿಂಗಳು ಮುಂಚೆ ನಿಂಗೆ ಗೊತ್ತಿತ್ತು.”

ಗೊತ್ತಿರಲಿಲ್ಲ, ಬರೆದಿಟ್ಟಿದ್ದೆ ಅಷ್ಟೇ. ಹೀಗೆ ಅನ್ನಬಹುದಿತ್ತು. ಅದು ನಿಜವೂ ಹೌದು.

ರಾಜೇಶ್ ನಮ್ಮ ತಂಡದ ಹೆಸರು ಕೂಗಿದ. ಆರಿಸಲು ತೊಂಬತ್ತು ಸೆಕೆಂಡು. ಹದಿನೇಳನೆಯವನು ಇನ್ನೂ ಉಳಿದಿದ್ದ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಇತ್ತು.

“ಓದು, ಯಾರ್ಯಾರು ಅವ್ರೆ” ಅಂದ ವಸಂತ್. ಮುಖ ನನ್ನ ಕಡೆ ತಿರುಗಿಸಿದ್ದ. ಸರಿಯಾಗಿ ನನ್ನ ಕಡೆಗಲ್ಲ, ಒಂದು ಗೇಣು ಪಕ್ಕಕ್ಕೆ.

ಹಿಂದಿನಿಂದ ಕೀರ್ತಿ, ಮೆಲ್ಲಗೆ:

“ಇಲ್ಲ ಅಂದ್ರಲ್ಲ ಅಣ್ಣ, ಅವತ್ತು.”

ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಸ್ಕ್ರೀನ್ ನೋಡುತ್ತಿದ್ದಳು. ಕಾಲಂ ತೆರೆದೇ ಇತ್ತು. ಜನವರಿಯಿಂದ ಕೆಳಗೆ, ಸಾಲು ಸಾಲು ಒಂದು, ಒಂದು, ಒಂದು. ರಾಜೇಶ್ “ಮೂವತ್ತು ಸೆಕೆಂಡ್ ಸಾರ್” ಅಂದ. ನಾನು ಅವಳಿಗೆ “ಗೊತ್ತಿತ್ತಮ್ಮ, ಜುಲೈ ಇಪ್ಪತ್ಮೂರರಿಂದ” ಅಂದೆ.